ಪದ ಪರಿಚಯ: ಫ್ಯೂಷನಿಸಂ ಮತ್ತು ಮೈತ್ರಿಕೂಟ

2025ರ ಸೆಪ್ಟೆಂಬರ್ 10ರಂದು ಯೂಟಾ ರಾಜ್ಯದ ಓರೆಮ್‌ನಲ್ಲಿ ಬಲಪಂಥೀಯ ಯುವ ಸಂಘಟಕ ಚಾರ್ಲಿ ಕಿರ್ಕ್ ಅವರ ಹತ್ಯೆಯಾದ ಮೇಲೆ, ಅಮೆರಿಕದ ಕನ್ಸರ್ವೇಟಿವ್ ಚಳವಳಿಯ ಮುಂದಿನ ದಾರಿಯನ್ನು ಚರ್ಚಿಸುವ ಬರಹಗಳಲ್ಲಿ ‘ಫ್ಯೂಷನಿಸಂ’ ಎಂಬ ಪದ ಪದೇ ಪದೇ ಕಾಣಿಸಿಕೊಳ್ಳುತ್ತಿದೆ. ಬಣಗಳನ್ನು ಹಿಡಿದಿಟ್ಟಿದ್ದ ನಾಯಕ ಹೋದರು, ಆದ್ದರಿಂದ ಫ್ಯೂಷನಿಸಂ ಮುರಿಯಿತು ಎಂಬ ಧಾಟಿಯ ಮಾತನ್ನು ಓದಿ ಓದಿ ಸಾಕಾಗಿರುವುದರಿಂದ ಈ ಟಿಪ್ಪಣಿ. ಇಂಥ ಬರಹಗಳಲ್ಲಿ ಪದಕ್ಕೆ ಹಚ್ಚುವ ಅರ್ಥ ಬಲಪಂಥೀಯ ಗುಂಪುಗಳ ಮೈತ್ರಿಕೂಟ ಎಂದು. ವಾಸ್ತವದಲ್ಲಿ ಅದು ಸ್ವಾತಂತ್ರ್ಯಕ್ಕೂ ಸದಾಚಾರಕ್ಕೂ ಇರುವ ನಂಟಿನ ಬಗ್ಗೆ ಫ್ರಾಂಕ್ ಮೇಯರ್ ಎಂಬ ಚಿಂತಕ ಹೂಡಿದ ನಿರ್ದಿಷ್ಟ ವಾದದ ಹೆಸರು.

ತಪ್ಪಿಗೆ ಪದದ ಹುಟ್ಟೂ ಸ್ವಲ್ಪ ಕಾರಣ. ಫ್ಯೂಷನ್ ಎಂಬುದರ ಮೂಲ, ಕರಗಿಸು, ಸುರಿ, ಎರಕ ಹೊಯ್ಯಿ ಎಂಬ ಅರ್ಥಗಳಿರುವ ‘ಫುಂಡೆರೆ’ ಎಂಬ ಲ್ಯಾಟಿನ್ ಧಾತು. ಬೆಸುಗೆ ಹಾಕಿದ ಎರಡು ತುಂಡುಗಳು ಬೆಸುಗೆ ಬಿಟ್ಟಾಗ ಮತ್ತೆ ಎರಡೇ ಆಗುತ್ತವೆ. ಎರಕಕ್ಕೆ ಹೋದ ಲೋಹಗಳನ್ನು ಹಾಗೆ ಬಿಡಿಸಲು ಬಾರದು. ಧಾತುವಿನಲ್ಲಿರುವುದು ಎರಕದ ಅರ್ಥ, ಬಳಕೆಯಲ್ಲಿ ಉಳಿದದ್ದು ಬೆಸುಗೆಯ ಅರ್ಥ. ಏಕೆಂದರೆ ಅಮೆರಿಕದ ರಾಜಕೀಯದಲ್ಲಿ ‘ಫ್ಯೂಷನ್’ ಎಂದರೆ ಬಹಳ ಹಿಂದಿನಿಂದಲೂ ಎರಡು ಪಕ್ಷಗಳು ಒಬ್ಬನೇ ಅಭ್ಯರ್ಥಿಯನ್ನು ಬೆಂಬಲಿಸುವ ಚುನಾವಣಾ ಹೊಂದಾಣಿಕೆ. 1896ರಲ್ಲಿ ವಿಲಿಯಂ ಜೆನ್ನಿಂಗ್ಸ್ ಬ್ರಯಾನ್ ಅವರನ್ನು ಡೆಮಾಕ್ರಟಿಕ್ ಪಕ್ಷವೂ ಪಾಪ್ಯುಲಿಸ್ಟ್ ಪಕ್ಷವೂ ಅಧ್ಯಕ್ಷ ಸ್ಥಾನಕ್ಕೆ ಹೆಸರಿಸಿದವು. 1933ರಲ್ಲಿ ಲಾ ಗಾರ್ಡಿಯಾ ನ್ಯೂಯಾರ್ಕ್ ನಗರದ ಮೇಯರ್ ಆಗಿ ಆಯ್ಕೆಯಾದದ್ದೂ ಫ್ಯೂಷನ್ ಅಭ್ಯರ್ಥಿಯಾಗಿಯೇ.

ಈ ಹೊಂದಾಣಿಕೆಯ ವಾಸನೆ ಇದ್ದ ಪದವನ್ನು 1962ರಲ್ಲಿ ಎಲ್. ಬ್ರೆಂಟ್ ಬೋಜೆಲ್ ಅವರು ಫ್ರಾಂಕ್ ಮೇಯರ್ ಅವರ ಚಿಂತನೆಗೆ ಹಚ್ಚಿದ್ದು ಹೊಗಳುವುದಕ್ಕಲ್ಲ, ಟೀಕಿಸುವುದಕ್ಕೆ. ಇಬ್ಬರೂ ವಿಲಿಯಂ ಬಕ್ಲಿ 1955ರಲ್ಲಿ ಆರಂಭಿಸಿದ ‘ನ್ಯಾಷನಲ್ ರಿವ್ಯೂ’ ಎಂಬ ಕನ್ಸರ್ವೇಟಿವ್ ಪತ್ರಿಕೆಯ ಬಳಗದವರು. ಬೋಜೆಲ್ ಅಂತೂ ಬಕ್ಲಿಯವರ ಸೋದರಿಯ ಗಂಡ. ಯೌವನದಲ್ಲಿ ಕಮ್ಯುನಿಸ್ಟ್ ಪಕ್ಷದ ಕಾರ್ಯಕರ್ತರಾಗಿದ್ದು, ಅದರಿಂದ ಹೊರಬಂದ ಮೇಯರ್ ಹೇಳಿದ್ದು ಇಷ್ಟು: ಬಲವಂತದಿಂದ ಮಾಡಿಸಿದ ಒಳ್ಳೆಯ ಕೆಲಸ ಸದಾಚಾರ ಎನಿಸಿಕೊಳ್ಳದು, ಕೆಟ್ಟದ್ದನ್ನು ಆಯ್ದುಕೊಳ್ಳುವ ಅವಕಾಶವೇ ಇಲ್ಲದವನಿಗೆ ಒಳ್ಳೆಯದನ್ನು ಆಯ್ದುಕೊಂಡ ಹಿರಿಮೆಯೂ ಸಲ್ಲದು. ಹಾಗಾಗಿ ಪ್ರಭುತ್ವದ ಕೆಲಸ ರಕ್ಷಣೆ, ಶಾಂತಿಪಾಲನೆ ಮತ್ತು ನ್ಯಾಯದಾನಕ್ಕೆ ಸೀಮಿತವಾಗಬೇಕು. ಸದಾಚಾರವನ್ನು ಬೆಳೆಸುವ ಹೊಣೆ ಕುಟುಂಬದ್ದು, ಚರ್ಚಿನದು, ಸಮುದಾಯದ್ದು. ಅದೇ ಹೊತ್ತಿಗೆ, ಸದಾಚಾರದ ಗುರಿ ಇಲ್ಲದ ಸ್ವಾತಂತ್ರ್ಯ ದಿಕ್ಕೆಡುತ್ತದೆ ಎಂದೂ ಅವರು ಅಷ್ಟೇ ಒತ್ತಿ ಹೇಳಿದರು. ಈ ಎರಡೂ ಮಾತುಗಳು ಒಂದನ್ನೊಂದು ಬೇಡುತ್ತವೆ ಎಂಬುದೇ ಅವರ ವಾದದ ತಿರುಳು. ಬೇರೆ ಬೇರೆ ಗುರಿಗಳಿರುವ ಗುಂಪುಗಳು ಸಮಾನ ಶತ್ರುವಿನ ಎದುರು ಒಂದಾಗಬೇಕು ಎಂದು ಹೇಳುವುದಷ್ಟೇ ಅವರ ಉದ್ದೇಶವಾಗಿದ್ದರೆ ಇಷ್ಟು ಶ್ರಮಪಟ್ಟು ವಾದ ಕಟ್ಟುವ ಅಗತ್ಯವಿರಲಿಲ್ಲ. ಬೋಜೆಲ್ ಕೊಟ್ಟ ಹಣೆಪಟ್ಟಿ ಮೇಯರ್ ಅವರಿಗೆ ಹಿಡಿಸದೇ ಹೋದದ್ದು ಸಹಜ.

ಕನ್ನಡದಲ್ಲಿ ಇನ್ನೊಂದು ತೊಡಕಿದೆ. ಕನ್ಸರ್ವೇಟಿವ್ ಎಂಬುದಕ್ಕೆ ನಾವು ‘ಸಂಪ್ರದಾಯವಾದಿ’ ಎಂದು ಬರೆಯುತ್ತೇವೆ. ಆದರೆ ಮೇಯರ್ ಕೂಡಿಸಲು ಹೊರಟದ್ದು ಧರ್ಮ ಮತ್ತು ಪರಂಪರೆಗೆ ಮೊದಲ ಮಣೆ ಹಾಕುವ ಸಂಪ್ರದಾಯನಿಷ್ಠರನ್ನು ಹಾಗೂ ವ್ಯಕ್ತಿಸ್ವಾತಂತ್ರ್ಯ, ಮುಕ್ತ ಮಾರುಕಟ್ಟೆಗಳೇ ಮುಖ್ಯವೆನ್ನುವ ಲಿಬರ್ಟೇರಿಯನ್ನರನ್ನು. ಇಡೀ ಚಳವಳಿಗೆ ಅದರ ಒಂದು ಪಾಲಿನ ಹೆಸರನ್ನೇ ಇಟ್ಟುಬಿಟ್ಟರೆ ಓದುಗನಿಗೆ ಇನ್ನೊಂದು ಪಾಲು ಕಾಣುವುದೇ ಇಲ್ಲ. ಸಂಪ್ರದಾಯನಿಷ್ಠರ ಪೈಕಿ ಮೇಯರ್ ಅವರ ವಾದವನ್ನು ಒಪ್ಪದವರಲ್ಲಿ ಲೇಖಕ ರಸೆಲ್ ಕಿರ್ಕ್ ಪ್ರಮುಖರು. ಚಾರ್ಲಿ ಕಿರ್ಕ್ ಅವರಿಗೂ ಇವರಿಗೂ ಯಾವ ನಂಟೂ ಇಲ್ಲ.

ಅಧ್ಯಕ್ಷ ರೊನಾಲ್ಡ್ ರೇಗನ್ ಕಾಲದ ‘ಮೂರು ಕಾಲಿನ ಪೀಠ’ವನ್ನು, ಅಂದರೆ ಮಾರುಕಟ್ಟೆಯ ಪರ ಇರುವವರು, ಧಾರ್ಮಿಕರು ಮತ್ತು ಕಮ್ಯುನಿಸ್ಟ್ ವಿರೋಧಿಗಳು ಕೂಡಿದ ಒಕ್ಕೂಟವನ್ನು, ಫ್ಯೂಷನಿಸಂ ಎಂದು ಕರೆಯುವುದು ಅತ್ಯಂತ ವ್ಯಾಪಕವಾದ ತಪ್ಪು. ಆ ಒಕ್ಕೂಟಕ್ಕೆ ಫ್ಯೂಷನಿಸಂ ಭಾಷೆ ಒದಗಿಸಿತು ಎಂಬುದು ನಿಜ. 1981ರ ಮಾರ್ಚ್‌ನಲ್ಲಿ ಕನ್ಸರ್ವೇಟಿವ್ ಕಾರ್ಯಕರ್ತರ ಸಮಾವೇಶದಲ್ಲಿ ರೇಗನ್ ಅವರು ಮೇಯರ್ ಹೆಸರನ್ನೇ ಎತ್ತಿ ಕೃತಜ್ಞತೆಯಿಂದ ನೆನೆದರು. ಆದರೆ ಭಾಷೆ ಕೊಟ್ಟದ್ದೇ ಒಕ್ಕೂಟವಾಗಿಬಿಡುವುದಿಲ್ಲ.

ನಾಯಕನ ಸಾವಿಗೂ ಈ ವಾದದ ಅಳಿವು ಉಳಿವಿಗೂ ನೇರ ಸಂಬಂಧ ಕಲ್ಪಿಸುವವರು ಕೆಲವು ಇಸವಿಗಳನ್ನು ಗಮನಿಸಬೇಕು. ಸೆನೆಟರ್ ರಾಬರ್ಟ್ ಟಾಫ್ಟ್ 1953ರಲ್ಲಿ ತೀರಿಕೊಂಡು ಬಲಪಂಥ ತನ್ನ ಅತಿ ದೊಡ್ಡ ನಾಯಕನನ್ನು ಕಳೆದುಕೊಂಡಿತು. ಬಕ್ಲಿಯವರ ಪತ್ರಿಕೆಯೂ ಅದರ ಸುತ್ತಲಿನ ಚಳವಳಿಯೂ ರೂಪುಗೊಂಡದ್ದು ಅದಾದ ಮೇಲೆ. ಮೇಯರ್ 1972ರ ಏಪ್ರಿಲ್ 1ರಂದು ನಿಧನರಾದರು; ಅವರ ವಾದಕ್ಕೆ ಅಧಿಕಾರದ ಬೆಂಬಲ ಸಿಕ್ಕಿದ್ದು ಅದರ ಒಂಬತ್ತು ವರ್ಷಗಳ ನಂತರ, ರೇಗನ್ ಅಧ್ಯಕ್ಷರಾದಾಗ. ಇದಕ್ಕೆ ತದ್ವಿರುದ್ಧವಾಗಿ, ಪ್ರಮುಖರೆಲ್ಲ ಬದುಕಿದ್ದಾಗಲೇ, 1966ರಲ್ಲಿ ಬೋಜೆಲ್ ತಮ್ಮದೇ ಕ್ಯಾಥೊಲಿಕ್ ಪತ್ರಿಕೆಯೊಂದನ್ನು ಆರಂಭಿಸಿ ಬೇರೆ ದಾರಿ ಹಿಡಿದರು, 1969ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ನಡೆದ ‘ಯಂಗ್ ಅಮೆರಿಕನ್ಸ್ ಫಾರ್ ಫ್ರೀಡಂ’ ಎಂಬ ಕನ್ಸರ್ವೇಟಿವ್ ಯುವ ಸಂಘಟನೆಯ ಸಮ್ಮೇಳನದಲ್ಲಿ ಲಿಬರ್ಟೇರಿಯನ್ ಯುವಕರು ಸಿಡಿದರು. 1991ರಲ್ಲಿ ಯಾವ ನಾಯಕರೂ ಸಾಯಲಿಲ್ಲ, ಸೋವಿಯತ್ ಒಕ್ಕೂಟ ಇಲ್ಲವಾಯಿತು; ಆ ಡಿಸೆಂಬರ್‌ನಲ್ಲೇ ಕನ್ಸರ್ವೇಟಿವ್ ಅಂಕಣಕಾರ ಪ್ಯಾಟ್ ಬ್ಯೂಕ್ಯಾನನ್ ತಮ್ಮ ರಿಪಬ್ಲಿಕನ್ ಪಕ್ಷದವರೇ ಆದ ದೇಶದ ಅಧ್ಯಕ್ಷ ಜಾರ್ಜ್ ಎಚ್. ಡಬ್ಲ್ಯು. ಬುಷ್ ವಿರುದ್ಧ ಸ್ಪರ್ಧೆಗೆ ಇಳಿದರು. ಪೀಠದ ಮೂರನೆಯ ಕಾಲು ಕಳಚಿದಾಗ ಅಲುಗಾಡಿದ್ದು ಒಕ್ಕೂಟ. ಮೇಯರ್ ಅವರ ವಾದ ಸರಿಯೋ ತಪ್ಪೋ ಎಂಬುದನ್ನು ಸೋವಿಯತ್ ಪತನ ತೀರ್ಮಾನಿಸಲಾರದು.

ಈಗಿನ ಒಡಕಿಗೆ ಬರೋಣ. ಹದಿನೆಂಟನೆಯ ವಯಸ್ಸಿನಲ್ಲಿ, 2012ರಲ್ಲಿ, ‘ಟರ್ನಿಂಗ್ ಪಾಯಿಂಟ್ ಯುಎಸ್‌ಎ’ ಸಂಸ್ಥೆಯನ್ನು ಹುಟ್ಟುಹಾಕಿದ ಚಾರ್ಲಿ ಕಿರ್ಕ್ ಕಾಲೇಜು ತರುಣರನ್ನೂ ಇವ್ಯಾಂಜೆಲಿಕಲ್ ಚರ್ಚುಗಳನ್ನೂ ಟ್ರಂಪ್ ಬೆಂಬಲಿಗರನ್ನೂ ಒಂದೇ ವೇದಿಕೆಗೆ ತಂದ ಸಂಘಟಕರು. ಅದು ದೊಡ್ಡ ಸಾಧನೆ, ಅಂಥವರ ಕೊಲೆ ಚಳವಳಿಗೆ ಆದ ದೊಡ್ಡ ನಷ್ಟ, ಆದರೆ ಅವರು ನಿಭಾಯಿಸುತ್ತಿದ್ದದ್ದು ಒಕ್ಕೂಟವನ್ನು. ಸಂಸ್ಥೆಯ ಚುಕ್ಕಾಣಿ ಅವರ ಪತ್ನಿ ಎರಿಕಾ ಕಿರ್ಕ್ ಕೈಗೆ ಬಂದ ಮೇಲೆ, 2025ರ ಡಿಸೆಂಬರ್‌ನಲ್ಲಿ ಫೀನಿಕ್ಸ್‌ನಲ್ಲಿ ನಡೆದ ಸಮಾವೇಶದಲ್ಲಿ ಬಲಪಂಥೀಯ ವ್ಯಾಖ್ಯಾನಕಾರರಾದ ಬೆನ್ ಶಪಿರೊ ಮತ್ತು ಟಕರ್ ಕಾರ್ಲ್‌ಸನ್ ಒಂದೇ ವೇದಿಕೆಯಿಂದ ಒಬ್ಬರನ್ನೊಬ್ಬರು ಖಂಡಿಸಿದರು. ಅಲ್ಲಿ ಮುಖ್ಯವಾಗಿ ಎದ್ದದ್ದು, ಯೆಹೂದಿ ದ್ವೇಷ ಕಾರುವವರಿಗೆ ಚಳವಳಿಯಲ್ಲಿ ಜಾಗ ಕೊಡಬೇಕೇ ಎಂಬ ಪ್ರಶ್ನೆ. ಅದು ಗಡಿ ಕಾಯುವ ಪ್ರಶ್ನೆ. 1962ರಲ್ಲಿ ಜಾನ್ ಬರ್ಚ್ ಸೊಸೈಟಿ ಎಂಬ ತೀವ್ರ ಕಮ್ಯುನಿಸ್ಟ್ ವಿರೋಧಿ ಸಂಘಟನೆಯ ಮುಖ್ಯಸ್ಥರನ್ನು ತಮ್ಮ ಪತ್ರಿಕೆಯಲ್ಲಿ ಖಂಡಿಸಿ ಬಕ್ಲಿ ಮಾಡಿದ್ದು ಆ ಕೆಲಸವನ್ನೇ, ಮತ್ತು 2008ರಲ್ಲಿ ಅವರು ತೀರಿಕೊಂಡ ಮೇಲೆ ಅಂಥ ಅಧಿಕಾರವಾಣಿ ಯಾರಿಗೂ ದಕ್ಕಿಲ್ಲ. ಇದನ್ನು ಬೇಕಾದ ಹೆಸರಿನಿಂದ ಕರೆಯಲಿ, ಫ್ಯೂಷನಿಸಂನ ಬಿಕ್ಕಟ್ಟು ಎಂದು ಮಾತ್ರ ಬೇಡ.

ಆ ಹೆಸರು ನಿಜಕ್ಕೂ ಸಲ್ಲುವುದು 2019ರಲ್ಲಿ ಕನ್ಸರ್ವೇಟಿವ್ ಬರಹಗಾರರಾದ ಸೊಹ್ರಾಬ್ ಅಹ್ಮರಿ ಮತ್ತು ಡೇವಿಡ್ ಫ್ರೆಂಚ್ ನಡುವೆ ನಡೆದ ವಾಗ್ವಾದಕ್ಕೆ. ಸಮಾಜವನ್ನು ಒಳಿತಿನ ಕಡೆಗೆ ತಿರುಗಿಸಲು ಪ್ರಭುತ್ವದ ಬಲವನ್ನು ಬಳಸಬೇಕು ಎಂಬುದು ಅಹ್ಮರಿ ಪಕ್ಷ. ವ್ಯಕ್ತಿಯ ಹಕ್ಕುಗಳನ್ನು ಕಾಯುವ ಸಾಂವಿಧಾನಿಕ ಚೌಕಟ್ಟು ಎಲ್ಲರಿಗೂ ಸಮನಾಗಿ ಅನ್ವಯಿಸಬೇಕು ಎಂಬುದು ಫ್ರೆಂಚ್ ಪಕ್ಷ. ಬೋಜೆಲ್ ಮತ್ತು ಮೇಯರ್ 1962ರಲ್ಲಿ ಎದುರುಬದುರಾಗಿದ್ದು ಇದೇ ಪ್ರಶ್ನೆಯ ಮೇಲೆ.