ದೊಡ್ಡ ಟೊಮೆಟೊ ತಳಿಗಳು: ಹೂವು ಉದುರುವ ಲೆಕ್ಕ ನನಗೆ ಅರ್ಥವಾದ ಬಗೆ

ಬ್ರಾಂಡಿವೈನ್, ಚೆರೋಕಿ ಪರ್ಪಲ್, ಮಾರ್ಟ್‌ಗೇಜ್ ಲಿಫ್ಟರ್ ಎಂಬ ಮೂರು ಪಾರಂಪರಿಕ ತಳಿಗಳನ್ನು ಮೈಸೂರಿನ ನಮ್ಮ ಮನೆಯ ಹಿತ್ತಲಿನಲ್ಲಿ ಎರಡು ವರ್ಷ ಬೆಳೆಸಿದ್ದೇನೆ. ಮೊದಲ ವರ್ಷ ಆರು ಗಿಡಗಳಿಂದ ಕೈಗೆ ಬಂದದ್ದು ಒಂದೇ ಹಣ್ಣು. ಎರಡನೆಯ ವರ್ಷ ನಾಲ್ಕೇ ಗಿಡ ಇಟ್ಟರೂ ಅಡುಗೆಗೆ ಸಾಕಾಗಿ ನೆರೆಯವರಿಗೂ ಕೊಡುವಷ್ಟು ಹಣ್ಣಾಯಿತು, ಅವುಗಳಲ್ಲಿ ದೊಡ್ಡದು 540 ಗ್ರಾಂ ತೂಗಿತು. ಎರಡು ವರ್ಷವೂ ಮಣ್ಣು, ಗೊಬ್ಬರ, ಆರೈಕೆ ಹೆಚ್ಚುಕಡಿಮೆ ಒಂದೇ ಆಗಿದ್ದವು, ಬದಲಾದದ್ದು ಬಿತ್ತನೆಯ ದಿನ ಮಾತ್ರ. ಆ ದಿನವನ್ನು ಹೇಗೆ ಗೊತ್ತುಮಾಡಬೇಕು ಎಂಬುದನ್ನು, ಕಲಿತದ್ದು ಹಸಿಯಾಗಿರುವಾಗಲೇ, ನನ್ನಂತೆ ಕಲಿಯುತ್ತಿರುವವರಿಗಾಗಿ ಬರೆದಿಡುತ್ತಿದ್ದೇನೆ.

ತಳಿಗಳ ತವರು

ಈ ತಳಿಗಳು ಎಲ್ಲಿಯವು ಎಂಬುದು ಬರಿಯ ಕುತೂಹಲದ ವಿಷಯವಲ್ಲ. ಬ್ರಾಂಡಿವೈನ್ ಬೀಜವನ್ನು ಅಮೆರಿಕದ ಓಹಾಯೊದ ಬೆನ್ ಕ್ವಿಸೆನ್‌ಬೆರಿ ಎಂಬುವರು 1982ರಲ್ಲಿ ಸೀಡ್ ಸೇವರ್ಸ್ ಎಕ್ಸ್‌ಚೇಂಜ್ ಸಂಸ್ಥೆಗೆ ಕೊಟ್ಟರು. ಚೆರೋಕಿ ಪರ್ಪಲ್ ಟೆನೆಸಿಯಿಂದ ಬಂದದ್ದು. 1990ರಲ್ಲಿ ಅಂಚೆಯಲ್ಲಿ ಬಂದ ಬೀಜವನ್ನು ಬೆಳೆಸಿ ಅದಕ್ಕೆ ಆ ಹೆಸರಿಟ್ಟವರು ಕ್ರೇಗ್ ಲಹೂಲಿಯೆ. ಮಾರ್ಟ್‌ಗೇಜ್ ಲಿಫ್ಟರ್ ವೆಸ್ಟ್ ವರ್ಜೀನಿಯಾದ ಲೋಗನ್ ಊರಿನ ಎಂ. ಸಿ. ಬೈಲ್ಸ್ ಅವರು ರೂಪಿಸಿದ ತಳಿ. ರೇಡಿಯೇಟರ್ ರಿಪೇರಿ ಮಾಡುತ್ತಿದ್ದ ಅವರು 1940ರ ದಶಕದಲ್ಲಿ ಸಸಿಯೊಂದಕ್ಕೆ ಒಂದು ಡಾಲರಿನಂತೆ ಮಾರಿ, ಆರು ವರ್ಷಗಳಲ್ಲಿ 6,000 ಡಾಲರುಗಳ ಮನೆಸಾಲ ತೀರಿಸಿದರಂತೆ. ತಳಿಯ ಹೆಸರು ಅದರಿಂದಲೇ ಬಂದಿದೆ. ಈ ಸೀಮೆಗಳಲ್ಲಿ ಹಗಲು ಎಷ್ಟೇ ಬಿಸಿಲಿದ್ದರೂ, ನಡುಬೇಸಿಗೆಯಲ್ಲಿಯೂ ರಾತ್ರಿ ಸಾಮಾನ್ಯವಾಗಿ 20 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಮೈಸೂರಿನ ಏಪ್ರಿಲ್ ಹಾಗಲ್ಲ ಎಂಬುದನ್ನು ನಾನು ಮೊದಲು ಗಮನಿಸಿರಲಿಲ್ಲ.

ನಾನು ಎಡವಿದ ಹೆಜ್ಜೆ

ಮೊದಲ ವರ್ಷ ಜನವರಿ 10ಕ್ಕೆ ಬಿತ್ತಿ, ಮಾರ್ಚ್ ಮೊದಲ ವಾರ ನಾಟಿ ಮಾಡಿದೆ. ಏಪ್ರಿಲ್ ಎರಡನೆಯ ವಾರಕ್ಕೆ ಗಿಡಗಳು ಎದೆಮಟ್ಟ ಬೆಳೆದು, ಗೊಂಚಲು ತುಂಬ ಹೂಬಿಟ್ಟವು. ಟೊಮೆಟೊ ಹೂವಿನ ತೊಟ್ಟಿನ ನಡುವೆ ಬೆರಳಿನ ಗೆಣ್ಣಿನಂತಹ ಒಂದು ಗಂಟು ಇರುತ್ತದೆ. ಆ ಗಂಟು ಹಳದಿಗೆ ತಿರುಗಿದರೆ ಮಾರನೆಯ ದಿನ ಅಲ್ಲಿಂದಲೇ ಹೂವು ಕಳಚಿ ಬೀಳುತ್ತದೆ. ಪ್ರತಿ ಬೆಳಗ್ಗೆ ಗಿಡದ ಬುಡದಲ್ಲಿ ಹತ್ತಾರು ಹೂವುಗಳು ಬಿದ್ದಿರುತ್ತಿದ್ದವು. ಪೋಷಕಾಂಶದ ಕೊರತೆ ಇರಬೇಕೆಂದು ಗೊಬ್ಬರ ಹೆಚ್ಚಿಸಿದೆ, ಎಲೆಗಳು ಇನ್ನಷ್ಟು ದಟ್ಟವಾದವು. ನೀರು ಸಾಲದೆಂದು ನೀರು ಹೆಚ್ಚಿಸಿದೆ, ಹೂವು ಉದುರುವುದು ನಿಲ್ಲಲಿಲ್ಲ.

ಕಾರಣ ರಾತ್ರಿಯ ಉಷ್ಣಾಂಶದಲ್ಲಿತ್ತು. ಟೊಮೆಟೊ ಚೆನ್ನಾಗಿ ಕಾಯಿ ಕಚ್ಚಬೇಕಾದರೆ ರಾತ್ರಿಯ ಉಷ್ಣಾಂಶ ಸುಮಾರು 13ರಿಂದ 21 ಡಿಗ್ರಿಯೊಳಗೆ ಇರಬೇಕು. ಅದು 21 ದಾಟಿ, ಹಗಲು 32 ಮೀರುತ್ತ ಹೋದಂತೆ ಪರಾಗ ಬಲ ಕಳೆದುಕೊಳ್ಳುತ್ತದೆ. ಚಿಕ್ಕ ಹಣ್ಣಿನ ತಳಿಗಳು ಇದನ್ನು ಒಂದಿಷ್ಟು ತಾಳಿಕೊಳ್ಳುತ್ತವೆ, ದೊಡ್ಡ ಹಣ್ಣಿನವು ತಾಳುವುದು ಕಡಿಮೆ. ಆದ್ದರಿಂದಲೇ ಅದೇ ಏಪ್ರಿಲ್‌ನಲ್ಲಿ ಪಕ್ಕದ ಮನೆಯ ಚೆರ್ರಿ ಟೊಮೆಟೊ ಗಿಡದಲ್ಲಿ ಕಾಯಿಗಳಿದ್ದವು, ನನ್ನ ಗಿಡಗಳಲ್ಲಿ ಇರಲಿಲ್ಲ.

ಇಷ್ಟು ತಿಳಿದ ಮೇಲೂ ನಾನು ಇನ್ನೊಂದು ತಪ್ಪು ಮಾಡಿದೆ. ಇದನ್ನು ನಿಧಾನವಾಗಿ ಓದಬೇಕೆಂದು ಕೋರುತ್ತೇನೆ. ಬಿಸಿಲೇ ತೊಂದರೆಯಾದರೆ ನೆರಳು ಕೊಟ್ಟರಾಯಿತೆಂದು ಹಸಿರು ಬಲೆ ಕಟ್ಟಿದೆ. ನಾಲ್ಕು ದಿನ ಕಳೆದರೂ ಹೂವು ಉದುರುತ್ತಲೇ ಇದ್ದುದರಿಂದ, ಬಲೆಯಿಂದ ಪ್ರಯೋಜನವಿಲ್ಲವೆಂದು ತೀರ್ಮಾನಿಸಿ ಬಿಚ್ಚಿಬಿಟ್ಟೆ. ಆದರೆ ಪರಾಗ ರೂಪುಗೊಳ್ಳುವುದು ಹೂವು ಅರಳಿದ ದಿನವಲ್ಲ. ಅರಳುವುದಕ್ಕೆ ಸುಮಾರು 8ರಿಂದ 13 ದಿನ ಮೊದಲು, ಮೊಗ್ಗು ಇನ್ನೂ ಹಸಿರಾಗಿ ಮುಚ್ಚಿಕೊಂಡಿರುವಾಗ, ಅದರೊಳಗೆ ಪರಾಗ ತಯಾರಾಗುತ್ತಿರುತ್ತದೆ, ಸೆಕೆಯ ಪೆಟ್ಟು ಬಲವಾಗಿ ತಗುಲುವುದು ಆ ಹಂತದಲ್ಲಿ. ಅಂದರೆ 20ನೆಯ ತಾರೀಖು ಉದುರಿದ ಹೂವಿಗೆ ಕಾರಣವನ್ನು 20ರ ಹವೆಯಲ್ಲಿ ಹುಡುಕಬಾರದು, 8ರಿಂದ 10ರ ಸುಮಾರಿನ ಹವೆಯಲ್ಲಿ ಹುಡುಕಬೇಕು. ಇಂದು ಮಾಡಿದ ಉಪಾಯದ ಫಲವನ್ನು ನೋಡಬೇಕಾದದ್ದೂ ಎರಡು ವಾರದ ಬಳಿಕ ಅರಳುವ ಹೂವುಗಳಲ್ಲಿ. ನಾಲ್ಕೇ ದಿನಕ್ಕೆ ಬಲೆ ಬಿಚ್ಚಿದ ನಾನು ಅದರ ಫಲ ಕಾಣುವ ಮೊದಲೇ ಅದನ್ನು ತಳ್ಳಿಹಾಕಿದ್ದೆ. ಆದರೂ ನೆರಳಿನ ಬಲೆ ತಗ್ಗಿಸುವುದು ಹಗಲಿನ ಬಿಸಿಯನ್ನು ಮಾತ್ರ, ರಾತ್ರಿಯ ಸೆಕೆಯನ್ನು ತಗ್ಗಿಸುವ ಸಾಧನ ಮನೆತೋಟದವರ ಕೈಯಲ್ಲಿಲ್ಲ. ಹೀಗಾಗಿ ನಮಗೆ ಉಳಿದಿರುವುದು ಪಂಚಾಂಗವೊಂದೇ.

ಅದನ್ನು ಹಿಂದಿನಿಂದ ಎಣಿಸಬೇಕು. ಮೈಸೂರಿನಲ್ಲಿ ನವೆಂಬರ್‌ನಿಂದ ಫೆಬ್ರವರಿಯವರೆಗೆ ರಾತ್ರಿಗಳು ಈ ಗಿಡಗಳಿಗೆ ಒಗ್ಗುತ್ತವೆ. ಮೊದಲ ಗೊಂಚಲು ನವೆಂಬರ್ ಮೊದಲ ವಾರ ಅರಳಬೇಕು ಎಂದಿಟ್ಟುಕೊಳ್ಳೋಣ. ನಾಟಿಯಿಂದ ಹೂವಿಗೆ ಐದಾರು ವಾರ ಬೇಕಾದ್ದರಿಂದ ಸೆಪ್ಟೆಂಬರ್ ಕೊನೆಯ ವಾರ ನಾಟಿಯಾಗಬೇಕು. ಸಸಿ ನಾಟಿಗೆ ಬರಲು ಆರು ವಾರ ಬೇಕಾದ್ದರಿಂದ ಆಗಸ್ಟ್ 15ರ ಹೊತ್ತಿಗೆ ಬಿತ್ತಬೇಕು. ಬೀಜದ ಪೊಟ್ಟಣದ ಮೇಲೆ ‘85 ದಿನ’ ಎಂದಿದ್ದರೆ ಅದು ನಾಟಿಯ ದಿನದಿಂದ ಎಣಿಸಿದ್ದು, ಬಿತ್ತಿದ ದಿನದಿಂದಲ್ಲ. ಇದು ತಿಳಿಯದಿದ್ದರೆ ಲೆಕ್ಕ ಒಂದೂವರೆ ತಿಂಗಳು ತಪ್ಪುತ್ತದೆ. ಸೆಪ್ಟೆಂಬರ್ 26ಕ್ಕೆ ನೆಟ್ಟ ನನ್ನ ಗಿಡದಲ್ಲಿ ಮೊದಲ ಹಣ್ಣು ಕೆಂಪಾದದ್ದು ಡಿಸೆಂಬರ್ ಕೊನೆಯಲ್ಲಿ.

ಹಿತ್ತಲಿನ ಕಾಂಪೌಂಡ್ ಗೋಡೆಯಿಂದ ಗಿಡಗಳನ್ನು ದೂರ ಇಡುವುದೂ ಮುಖ್ಯ. ಗೋಡೆಯ ಪಕ್ಕ ಮತ್ತು ಬಯಲಿನಲ್ಲಿ ಒಂದೊಂದು ಥರ್ಮಾಮೀಟರ್ ನೇತುಹಾಕಿ ನೋಡಿದಾಗ, ಗೋಡೆಯ ಪಕ್ಕದ ರಾತ್ರಿಯ ಕನಿಷ್ಠ ಉಷ್ಣಾಂಶ ಎರಡು ಡಿಗ್ರಿ ಹೆಚ್ಚಿತ್ತು.

ಕಪ್ಪು ಬಟ್ಟೆಯ ಪರೀಕ್ಷೆ

ಟೊಮೆಟೊ ಹೂವಿನಲ್ಲಿ ಪರಾಗ ಕೊಳವೆಯಂತಹ ಪರಾಗಕೋಶದೊಳಗೆ ಇರುತ್ತದೆ, ಅದು ಉದುರಲು ಕಂಪನ ಬೇಕು. ನೀಲಿ ಪಟ್ಟೆಯ ಒಂಟಿ ಜೇನುಗಳು ಹೂವನ್ನು ಹಿಡಿದು ಝೇಂಕರಿಸಿ ಈ ಕೆಲಸ ಮಾಡುತ್ತವೆ, ನಮ್ಮ ಸಾಮಾನ್ಯ ಜೇನುನೊಣಗಳಿಗೆ ಅದು ಬರುವುದಿಲ್ಲ. ಬೆಳಗ್ಗೆ ಹತ್ತರಿಂದ ಹನ್ನೆರಡರೊಳಗೆ, ಇಬ್ಬನಿ ಆರಿದ ಮೇಲೆ, ಬ್ಯಾಟರಿ ಟೂತ್‌ಬ್ರಷ್‌ನ ಹಿಂಬದಿಯನ್ನು ಗೊಂಚಲಿನ ತೊಟ್ಟಿಗೆ ಮೂರು ಸೆಕೆಂಡು ತಾಗಿಸುವುದು ನನಗೆ ಬಹಳ ಹಿಡಿಸಿದ ಉಪಾಯ. ಹಳೆಯ ಕೊಡೆಯ ಕಪ್ಪು ಬಟ್ಟೆಯ ತುಂಡನ್ನು ಕೆಳಗೆ ಹಿಡಿದರೆ, ನವೆಂಬರ್‌ನಲ್ಲಿ ಅದರ ಮೇಲೆ ತೆಳು ಹಳದಿ ಪುಡಿ ಬೀಳುವುದು ಕಣ್ಣಿಗೆ ಕಾಣುತ್ತದೆ. ಪರೀಕ್ಷೆಗೆಂದೇ ಒಂದು ಗಿಡವನ್ನು ಏಪ್ರಿಲ್‌ವರೆಗೆ ಉಳಿಸಿಕೊಂಡಿದ್ದೆ. ಅದೇ ಬಟ್ಟೆ, ಅದೇ ಬ್ರಷ್, ಆದರೆ ಬಟ್ಟೆಯ ಮೇಲೆ ಏನೂ ಬೀಳಲಿಲ್ಲ. ಓದಿ ತಿಳಿದಿದ್ದ ಮಾತು ನನಗೆ ನಿಜವಾಗಿ ಮನದಟ್ಟಾದದ್ದು ಆ ದಿನ.

ಕಾಯಿಯ ಆಕಾರ

ಕಾಡು ಟೊಮೆಟೊವನ್ನು ಅಡ್ಡಲಾಗಿ ಕೊಯ್ದರೆ ಬೀಜದ ಕೋಣೆಗಳು ಎರಡೇ ಇರುತ್ತವೆ. ಈ ದೊಡ್ಡ ತಳಿಗಳಲ್ಲಿ ಎಂಟು, ಹತ್ತು ಇರುವುದೂ ಉಂಟು, ಹಣ್ಣು ದೊಡ್ಡದಾಗುವುದು ಬಹುಮಟ್ಟಿಗೆ ಹೀಗೆ. ಮೊದಲ ಗೊಂಚಲಿನಲ್ಲಿ ಕೆಲವೊಮ್ಮೆ ಎರಡು ಮೂರು ಹೂವುಗಳು ಬೆಸೆದುಕೊಂಡ ಅಗಲ ಹೂವೊಂದು ಬರುತ್ತದೆ. ಅದರ ಕಾಯಿ ಭಾರಿಯಾದರೂ ತುದಿಯಲ್ಲಿ ಕಂದು ಗಾಯದಂತಹ ಒರಟು ಗೆರೆಗಳಾಗಿ, ಅರ್ಧ ಭಾಗ ಕತ್ತರಿಸಿ ಎಸೆಯಬೇಕಾಗುತ್ತದೆ. ನಾನು ಅಂತಹ ಹೂವನ್ನು ಚಿವುಟಿ, ಗೊಂಚಲಿಗೆ ಮೂರು ಕಾಯಿ ಮಾತ್ರ ಬಿಡುತ್ತೇನೆ.

ನೀರು ಮತ್ತು ರೋಗ

ಕಾಯಿಯ ತಳ ಕಪ್ಪಾಗಿ ಕೊಳೆಯುವುದು ಸಾಮಾನ್ಯವಾಗಿ ನೀರಿನ ಏರುಪೇರಿನಿಂದ, ಕ್ಯಾಲ್ಸಿಯಂ ಮಣ್ಣಿನಲ್ಲಿದ್ದರೂ ಕಾಯಿಯವರೆಗೆ ತಲುಪದೆ ಆಗುತ್ತದೆ. ಮೊಟ್ಟೆಚಿಪ್ಪು ಹಾಕುವುದಕ್ಕಿಂತ ಒಣಹುಲ್ಲಿನ ಹೊದಿಕೆ ಹಾಸಿ ಹದವಾಗಿ ನೀರು ಕೊಡುವುದರಿಂದ ನನಗೆ ಹೆಚ್ಚು ಗುಣ ಕಂಡಿತು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಹೈಬ್ರಿಡ್‌ಗೆ ಎಲೆ ಮುದುಡು ರೋಗ, ಸೊರಗು ರೋಗ, ಅಂಗಮಾರಿ ಮೂರನ್ನೂ ತಡೆಯುವ ಶಕ್ತಿಯಿದೆ, ಈ ಪಾರಂಪರಿಕ ತಳಿಗಳಿಗೆ ಅದಿಲ್ಲ. ಎಲೆ ಹಸಿರಾಗಿದ್ದಂತೆಯೇ ಗಿಡ ಜೋತುಬಿದ್ದರೆ ಕಾಂಡದ ಬುಡವನ್ನು ಕೊಯ್ದು, ಲೋಟದ ತಿಳಿನೀರಿನಲ್ಲಿ ಅದ್ದಿ ಹಿಡಿಯಬೇಕು. ಕೊಯ್ದ ಜಾಗದಿಂದ ಹಾಲಿನಂತಹ ಎಳೆಗಳು ಇಳಿದರೆ ಅದು ಬ್ಯಾಕ್ಟೀರಿಯಾದ ಸೊರಗು ರೋಗ. ಆ ಗಿಡವನ್ನು ಬೇರುಸಹಿತ ಕಿತ್ತುಹಾಕಬೇಕು, ಆ ಜಾಗದಲ್ಲಿ ಬದನೆ, ಮೆಣಸಿನಕಾಯಿ, ಆಲೂಗಡ್ಡೆಯನ್ನೂ ಹಾಕಬಾರದು.

ಬೀಜ

ಬ್ರಾಂಡಿವೈನ್‌ನಂತಹ ಆಲೂಗಡ್ಡೆ ಗಿಡದಂತಹ ಎಲೆಯ ತಳಿಗಳಲ್ಲಿ ಶಲಾಕಾಗ್ರ (ಹೂವಿನಲ್ಲಿ ಪರಾಗವನ್ನು ಹಿಡಿದುಕೊಳ್ಳುವ ತುದಿ) ಹೊರಚಾಚಿರುವುದುಂಟು, ಬೇರೆ ತಳಿಯ ಪರಾಗ ಬೆರೆಯದಂತೆ ಮೊಗ್ಗಿರುವಾಗಲೇ ಗೊಂಚಲಿಗೆ ತೆಳುಬಟ್ಟೆಯ ಚೀಲ ಕಟ್ಟಬೇಕು. ಕಳಿತ ಹಣ್ಣಿನ ಬೀಜವನ್ನು ಲೋಳೆಸಮೇತ ಮೂರು ದಿನ ಹುಳಿಯಲು ಬಿಟ್ಟು, ತೊಳೆದು, ನೆರಳಿನಲ್ಲಿ ಒಣಗಿಸಬೇಕು. ಈ ವರ್ಷ ಹಾಗೆ ಎರಡು ಪೊಟ್ಟಣ ಕಟ್ಟಿ, ತಳಿಯ ಹೆಸರಿನ ಕೆಳಗೆ ‘ಆಗಸ್ಟ್ 15ಕ್ಕೆ ಬಿತ್ತುವುದು’ ಎಂದು ಬರೆದಿಟ್ಟಿದ್ದೇನೆ.