ಬ್ರಾಡ್‌ವೇ ಸಂಗೀತ ನಾಟಕಗಳ ಚಲನಚಿತ್ರ ರೂಪಾಂತರ ಮತ್ತು ಅದರ ಮುಂದಿನ ದಾರಿ

ವಿಕೆಡ್ ಎಂಬ ಸಂಗೀತ ನಾಟಕವನ್ನು ನ್ಯೂಯಾರ್ಕಿನ ಬ್ರಾಡ್‌ವೇ ಎಂಬ ರಂಗಮಂದಿರಗಳ ಪ್ರದೇಶದ ಗರ್ಶ್‌ವಿನ್ ರಂಗಮಂದಿರದಲ್ಲಿ ನೋಡುವ ಪ್ರೇಕ್ಷಕರು ಮೊದಲ ಅಂಕ ಮುಗಿದ ಮೇಲೆ ಕಾಲು ಗಂಟೆಯಷ್ಟು ಹೊತ್ತು ಹೊರಗೆ ಅಡ್ಡಾಡಿ, ಮತ್ತೆ ಬಂದು ಕುಳಿತು ಎರಡನೆಯ ಅಂಕವನ್ನು ನೋಡುತ್ತಾರೆ. ಅದೇ ನಾಟಕವನ್ನು ಚಲನಚಿತ್ರವಾಗಿ ನೋಡಿದವರು ಮಧ್ಯಂತರ ಮುಗಿಯಲೆಂದು ಒಂದು ವರ್ಷ ಕಾಯಬೇಕಾಯಿತು. ಮೊದಲ ಭಾಗ 2024ರ ನವೆಂಬರ್ 22ರಂದು ಬಿಡುಗಡೆಯಾದರೆ ಎರಡನೆಯ ಭಾಗ 2025ರ ನವೆಂಬರ್ 21ರಂದು ತೆರೆ ಕಂಡಿತು. ಮೊದಲ ಭಾಗವೊಂದೇ ಎರಡು ಗಂಟೆ ನಲವತ್ತು ನಿಮಿಷಗಳಷ್ಟಿದೆ, ಅಂದರೆ ರಂಗದ ಮೇಲೆ ಇಡೀ ನಾಟಕಕ್ಕೆ ಹಿಡಿಯುವಷ್ಟೇ ಕಾಲವನ್ನು ಚಿತ್ರವು ಅರ್ಧ ಕಥೆಗೆ ತೆಗೆದುಕೊಂಡಿದೆ. ಈ ಒಂದು ಉದಾಹರಣೆಯನ್ನು ಮುಂದಿಟ್ಟುಕೊಂಡು ನೋಡಿದರೆ ನಮ್ಮ ವಿಷಯದ ಬಹುತೇಕ ಪ್ರಶ್ನೆಗಳು ತಾವಾಗಿಯೇ ಏಳುತ್ತವೆ. ರಂಗಕ್ಕಾಗಿ ಕಟ್ಟಿದ ಆಕಾರವೊಂದು ತೆರೆಗೆ ಬಂದಾಗ ಏನಾಗುತ್ತದೆ, ಏನು ಉಳಿಯುತ್ತದೆ, ಮತ್ತು ಇಂಥ ಚಿತ್ರಗಳಿಗೆ ಮುಂದೆ ಯಾವ ದಾರಿ ಇದೆ?

ಈ ಚರ್ಚೆ ಸಾಮಾನ್ಯವಾಗಿ ಗಲ್ಲಾಪೆಟ್ಟಿಗೆಯ ಲೆಕ್ಕದಿಂದ ಶುರುವಾಗಿ ಅಲ್ಲಿಯೇ ಮುಗಿಯುತ್ತದೆ. ಒಂದು ಚಿತ್ರ ಗೆದ್ದರೆ ಸಂಗೀತ ಚಿತ್ರಗಳ ಕಾಲ ಮರಳಿ ಬಂತೆನ್ನುತ್ತಾರೆ, ಒಂದು ಸೋತರೆ ಅವುಗಳ ಕಾಲ ಮುಗಿಯಿತೆನ್ನುತ್ತಾರೆ. ನನ್ನ ತಿಳಿವಳಿಕೆಯಲ್ಲಿ ಮೂಲ ಪ್ರಶ್ನೆ ಬೇರೆಯೇ ಇದೆ. ಮಾತನಾಡುತ್ತಿದ್ದ ಪಾತ್ರವೊಂದು ಇದ್ದಕ್ಕಿದ್ದಂತೆ ಯಾಕೆ ಹಾಡತೊಡಗುತ್ತದೆ ಎಂಬ ಪ್ರಶ್ನೆಗೆ ಪ್ರತಿಯೊಂದು ರೂಪಾಂತರವೂ ತನ್ನದೇ ಉತ್ತರವನ್ನು ಹುಡುಕಬೇಕು, ಮತ್ತು ಆ ಉತ್ತರದಲ್ಲಿ ನಿರ್ದೇಶಕನಿಗೆ ನಂಬಿಕೆ ಇದೆಯೋ ಇಲ್ಲವೋ ಎಂಬುದು ತೆರೆಯ ಮೇಲೆ ಸ್ಪಷ್ಟವಾಗಿ ಕಾಣುತ್ತದೆ.

ರಂಗದಿಂದ ತೆರೆಗೆ: ಕಾಲದ ಅಂತರ

ಮೊದಲು ಕೆಲವು ವರ್ಷಗಳನ್ನು ಜೋಡಿಸಿಕೊಳ್ಳೋಣ. ವೆಸ್ಟ್ ಸೈಡ್ ಸ್ಟೋರಿ 1957ರಲ್ಲಿ ರಂಗಕ್ಕೆ ಬಂದು 1961ರಲ್ಲಿ ಚಿತ್ರವಾಯಿತು. ದ ಸೌಂಡ್ ಆಫ್ ಮ್ಯೂಸಿಕ್ 1959ರಲ್ಲಿ ನಾಟಕವಾಗಿ, 1965ರಲ್ಲಿ ಚಿತ್ರವಾಗಿ ಬಂತು. ಮೈ ಫೇರ್ ಲೇಡಿ 1956ರ ನಾಟಕ, 1964ರ ಚಿತ್ರ. ಅದನ್ನು ಚಿತ್ರವಾಗಿಸುವ ಹಕ್ಕುಗಳಿಗಾಗಿ ವಾರ್ನರ್ ಸಂಸ್ಥೆ 55 ಲಕ್ಷ ಡಾಲರ್ ಕೊಟ್ಟಿತು ಎಂಬುದನ್ನು ನೆನೆದರೆ ಆ ಕಾಲದಲ್ಲಿ ಬ್ರಾಡ್‌ವೇ ಯಶಸ್ಸಿಗೆ ಎಷ್ಟು ಬೆಲೆ ಇತ್ತೆಂಬುದು ತಿಳಿಯುತ್ತದೆ. ಈ ಮೂರೂ ಚಿತ್ರಗಳು ಅತ್ಯುತ್ತಮ ಚಿತ್ರಕ್ಕೆ ಮೀಸಲಾದ ಆಸ್ಕರ್ ಪಡೆದವು. ಇವುಗಳ ಪಕ್ಕದಲ್ಲಿ ಈಚಿನವನ್ನು ಇಟ್ಟು ನೋಡಿ. ಶಿಕಾಗೋ 1975ರ ನಾಟಕ, 2002ರ ಚಿತ್ರ. ಲೇ ಮಿಸರಾಬ್ಲ್ ಲಂಡನ್ನಿನಲ್ಲಿ 1985ರಲ್ಲಿ ಆರಂಭವಾಗಿ ತೆರೆಗೆ ಬಂದದ್ದು 2012ರಲ್ಲಿ. ವಿಕೆಡ್ 2003ರಲ್ಲಿ ಬ್ರಾಡ್‌ವೇಗೆ ಬಂದು, ಇಪ್ಪತ್ತೊಂದು ವರ್ಷಗಳ ನಂತರ ಚಿತ್ರವಾಯಿತು.

ನಾಲ್ಕು, ಆರು, ಎಂಟು ವರ್ಷಗಳಷ್ಟಿದ್ದ ಅಂತರ ಇಪ್ಪತ್ತು ದಾಟಿದ್ದಕ್ಕೆ ಮುಖ್ಯ ಕಾರಣ ಹಾಡುಗಳ ಸ್ಥಾನ ಬದಲಾದದ್ದು. 1950ರ ದಶಕದಲ್ಲಿ ಅಮೆರಿಕದ ಮನೆಮನೆಯ ರೇಡಿಯೋ ಮತ್ತು ಗ್ರಾಮಫೋನುಗಳಲ್ಲಿ ಕೇಳುತ್ತಿದ್ದ ಜನಪ್ರಿಯ ಹಾಡುಗಳಲ್ಲಿ ನಾಟಕದ ಹಾಡುಗಳಿಗೆ ದೊಡ್ಡ ಪಾಲಿತ್ತು. ನಾಟಕವನ್ನು ನೋಡದವರಿಗೂ ಅದರ ಹಾಡುಗಳು ಬಾಯಿಪಾಠವಾಗಿರುತ್ತಿದ್ದವು. ರಾಕ್ ಸಂಗೀತ ಬಂದ ಮೇಲೆ ರಂಗದ ಹಾಡು ಪ್ರತ್ಯೇಕ ಅಭಿರುಚಿಯವರ ಸಂಗೀತವಾಯಿತು. ಹಾಗಾಗಿ ಒಂದು ನಾಟಕ ದಶಕಗಟ್ಟಲೆ ಹಲವು ದೇಶಗಳಲ್ಲಿ ಆಡಿ, ಒಂದು ತಲೆಮಾರಿನ ಮಕ್ಕಳು ಅದರ ಹಾಡುಗಳನ್ನು ಹಾಡಿಕೊಂಡು ಬೆಳೆದ ಮೇಲಷ್ಟೇ ನಿರ್ಮಾಪಕರಿಗೆ ಧೈರ್ಯ ಬರುತ್ತದೆ. ನಾಟಕ ಚೆನ್ನಾಗಿ ನಡೆಯುತ್ತಿರುವಾಗ ಚಿತ್ರ ಬಂದರೆ ರಂಗಮಂದಿರಕ್ಕೆ ಜನ ಬರುವುದಿಲ್ಲವೆಂಬ ಹಳೆಯ ಭಯವೂ ಇದರೊಂದಿಗೆ ಸೇರಿತ್ತು. 1960ರ ದಶಕದ ಕೊನೆಯಲ್ಲಿ ಹಲೋ, ಡಾಲಿ!ಯಂತಹ ಭಾರೀ ವೆಚ್ಚದ ಚಿತ್ರಗಳು ಹಾಕಿದ ಹಣವನ್ನು ತರಲಾರದೆ ಹೋದದ್ದು ಸ್ಟುಡಿಯೋಗಳನ್ನು ಇನ್ನಷ್ಟು ಹಿಂಜರಿಯುವಂತೆ ಮಾಡಿತು.

ಪಾತ್ರ ಯಾಕೆ ಹಾಡುತ್ತದೆ?

ರಂಗದ ಮೇಲೆ ಈ ಪ್ರಶ್ನೆ ಅಷ್ಟಾಗಿ ಕಾಡುವುದಿಲ್ಲ. ಪರದೆ, ಬಣ್ಣ, ಎದುರಿಗೇ ಕುಳಿತ ವಾದ್ಯವೃಂದ ಇವೆಲ್ಲವೂ ಇದು ಆಟ ಎಂಬುದನ್ನು ಮೊದಲೇ ಒಪ್ಪಿಸಿಬಿಟ್ಟಿರುತ್ತವೆ. ಕ್ಯಾಮೆರಾ ಹಾಗಲ್ಲ. ಅದು ನಿಜವಾದ ಬೀದಿ, ನಿಜವಾದ ಗೋಡೆ, ನಿಜವಾದ ಮುಖವನ್ನು ತೋರಿಸುತ್ತದೆ, ಮತ್ತು ನಿಜವಾದ ಬೀದಿಯಲ್ಲಿ ನಿಂತವನು ಹಾಡತೊಡಗಿದರೆ ಪ್ರೇಕ್ಷಕನ ಒಪ್ಪಿಗೆಯನ್ನು ಹೊಸದಾಗಿ ಗಳಿಸಬೇಕಾಗುತ್ತದೆ.

ಬಾಬ್ ಫಾಸಿ ನಿರ್ದೇಶಿಸಿದ 1972ರ ಕ್ಯಾಬರೆ ಇದಕ್ಕೆ ಕಟ್ಟುನಿಟ್ಟಾದ ಉತ್ತರ ಕೊಟ್ಟಿತು. 1966ರ ನಾಟಕದಲ್ಲಿ ಪಾತ್ರಗಳು ಮನೆಯಲ್ಲಿಯೂ ಹಾಡುತ್ತಿದ್ದವು. ಫಾಸಿ ಅಂಥ ಹಾಡುಗಳನ್ನು ಕೈಬಿಟ್ಟು, ಕಥೆಯ ನಡುವೆಯೇ ಇರುವ ಬರ್ಲಿನ್ನಿನ ನೈಟ್ ಕ್ಲಬ್ಬಿನ ವೇದಿಕೆಯ ಮೇಲೆ ಮಾತ್ರ ಹಾಡುಗಳನ್ನು ಉಳಿಸಿದರು. ಕ್ಲಬ್ಬಿನ ಹೊರಗೆ ಹಾಡಲಾಗುವುದು ಒಂದೇ ಗೀತೆ. ತೆರೆದ ಬಯಲಿನ ಬಿಯರ್ ತೋಟದಲ್ಲಿ ನಾಜಿ ತರುಣನೊಬ್ಬ ಹಾಡತೊಡಗುತ್ತಾನೆ, ಸುತ್ತಲಿನವರು ಒಬ್ಬೊಬ್ಬರಾಗಿ ಎದ್ದು ನಿಂತು ದನಿಗೂಡಿಸುತ್ತಾರೆ. ಹಾಡು ಎಲ್ಲಿಯವರೆಗೆ ವೇದಿಕೆಯ ಮೇಲಿತ್ತೋ ಅಲ್ಲಿಯವರೆಗೆ ಅದು ಮನರಂಜನೆಯಾಗಿತ್ತು, ಬೀದಿಗೆ ಬಂದಾಗ ಅದು ರಾಜಕೀಯವಾಯಿತು. ನಿಯಮವೊಂದನ್ನು ಹಾಕಿಕೊಂಡು ಒಮ್ಮೆ ಮಾತ್ರ ಅದನ್ನು ಮುರಿದದ್ದರಿಂದ ಹುಟ್ಟಿದ ಈ ಅರ್ಥ ಮೂಲ ನಾಟಕದ ಆಕಾರದಿಂದ ಹುಟ್ಟಲು ಸಾಧ್ಯವಿರಲಿಲ್ಲ. ರೂಪಾಂತರ ಎಂಬ ಮಾತಿನ ಪೂರ್ಣ ಅರ್ಥವನ್ನು ತಿಳಿಯಬಯಸುವವರು ಎಲ್ಲಕ್ಕಿಂತ ಮೊದಲು ಈ ದೃಶ್ಯವನ್ನು ನೋಡಬೇಕೆಂದು ನಾನು ಹೇಳುತ್ತೇನೆ.

ಶಿಕಾಗೋ ಚಿತ್ರದಲ್ಲಿ ರಾಬ್ ಮಾರ್ಷಲ್ ಇದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಇಟ್ಟು, ಹಾಡುಗಳನ್ನು ನಾಯಕಿ ರಾಕ್ಸಿಯ ಕಲ್ಪನೆಯೊಳಗೆ ಇರಿಸಿದರು. ಜೈಲು, ನ್ಯಾಯಾಲಯಗಳ ವಾಸ್ತವ ಒಂದು ಕಡೆ, ಅವಳ ಮನಸ್ಸಿನಲ್ಲಿ ಬೆಳಗುವ ರಂಗಮಂಚ ಇನ್ನೊಂದು ಕಡೆ. ಸಂಕಲನವು ಎರಡರ ನಡುವೆ ಓಡಾಡುತ್ತದೆ. ಟಾಮ್ ಹೂಪರ್ ಅವರ ಲೇ ಮಿಸರಾಬ್ಲ್ ತದ್ವಿರುದ್ಧ ದಿಕ್ಕಿನಲ್ಲಿ ಹೋಯಿತು. ಅಲ್ಲಿ ಮಾತೇ ಕಡಿಮೆ, ಬಹುತೇಕ ಎಲ್ಲವೂ ಹಾಡು. ನಟರ ಕಿವಿಯಲ್ಲಿ ಪುಟ್ಟ ಸಾಧನವಿಟ್ಟು ಪಿಯಾನೋ ಕೇಳಿಸುತ್ತ, ಚಿತ್ರೀಕರಣದ ಸ್ಥಳದಲ್ಲಿಯೇ ಹಾಡಿಸಿ, ವಾದ್ಯವೃಂದವನ್ನು ಆಮೇಲೆ ಸೇರಿಸಲಾಯಿತು. ಗಂಟಲು ಬಿಗಿದು ಸ್ವರ ಒಡೆಯುವ ಕ್ಷಣವೂ ಅಭಿನಯದ ಭಾಗವಾಗಿ ಉಳಿದದ್ದು ಇದರಿಂದಲೇ. ಆದರೆ ಅದೇ ನಿರ್ದೇಶಕರು 2019ರಲ್ಲಿ ಕ್ಯಾಟ್ಸ್ ಮಾಡಿದಾಗ ನಟರ ಮೈಮೇಲೆ ಕಂಪ್ಯೂಟರಿನಲ್ಲಿ ರೋಮ ಬರೆದು ಬೆಕ್ಕುಗಳನ್ನು ನಂಬಿಸಲು ಹೊರಟರು, ಮತ್ತು ಆ ಚಿತ್ರ ಸೋತಿತು. ರಂಗದ ಮೇಲೆ ಬೆಕ್ಕಿನ ವೇಷ ಹಾಕಿದ ನರ್ತಕಿಯನ್ನು ಬೆಕ್ಕೆಂದು ಭಾವಿಸುವುದು ಪ್ರೇಕ್ಷಕನ ಕೆಲಸವಾಗಿತ್ತು. ಆ ಕೆಲಸವನ್ನು ಯಂತ್ರ ಮಾಡಿಕೊಟ್ಟ ಮೇಲೆ ಪ್ರೇಕ್ಷಕನಿಗೆ ಉಳಿದದ್ದು ಮುಜುಗರ ಮಾತ್ರ.

ಕನ್ನಡಿಗರಿಗೆ ಈ ಇಡೀ ಸಮಸ್ಯೆ ತುಸು ವಿಚಿತ್ರವಾಗಿ ಕಾಣುವುದು ಸಹಜ. ನಮ್ಮ ಮೊದಲ ವಾಕ್ಚಿತ್ರವಾದ 1934ರ ಸತಿ ಸುಲೋಚನಾದಲ್ಲಿ ನಟಿಸಿದ ಸುಬ್ಬಯ್ಯ ನಾಯ್ಡು ಮತ್ತು ಆರ್. ನಾಗೇಂದ್ರರಾಯರು ಕಂಪನಿ ನಾಟಕಗಳಿಂದ ಬಂದವರು. 1954ರ ಬೇಡರ ಕಣ್ಣಪ್ಪ ಗುಬ್ಬಿ ಕಂಪನಿಯ ನಾಟಕವಾಗಿ ರಂಗದಲ್ಲಿ ಗೆದ್ದು ತೆರೆಗೆ ಬಂದದ್ದು. ರಂಗಗೀತೆಯು ಸಿನಿಮಾ ಹಾಡಾಗಿ ನೇರವಾಗಿ ಹರಿದು ಬಂದುದರಿಂದ ಪಾತ್ರ ಯಾಕೆ ಹಾಡುತ್ತದೆ ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ. ಹಾಲಿವುಡ್ಡಿನಲ್ಲಿ ವಾಸ್ತವವಾದಿ ಅಭಿನಯ ಮುಖ್ಯ ಪ್ರವಾಹವಾದ ಮೇಲೆ ಹಾಡು ಕಾರಣ ಹೇಳಿಕೊಂಡು ಒಳಗೆ ಬರಬೇಕಾಯಿತು.

ಚಪ್ಪಾಳೆ ಮತ್ತು ಕಂಠ

ರಂಗದ ಹಾಡಿನ ಕೊನೆಯಲ್ಲಿ ಒಂದು ಖಾಲಿ ಜಾಗವಿರುತ್ತದೆ. ಸಂಗೀತ ಏರುತ್ತ ಹೋಗಿ ಒಂದು ಪೆಟ್ಟಿನೊಂದಿಗೆ ನಿಲ್ಲುತ್ತದೆ, ನಟ ಕೈಚಾಚಿ ನಿಂತಲ್ಲೇ ನಿಲ್ಲುತ್ತಾನೆ, ಚಪ್ಪಾಳೆ ಬೀಳುತ್ತದೆ. ನಮ್ಮ ಕಂಪನಿ ನಾಟಕಗಳಲ್ಲಿ ಇದೇ ಜಾಗದಲ್ಲಿ ‘ಒನ್ಸ್ ಮೋರ್’ ಎಂಬ ಕೂಗು ಎದ್ದು ನಟ ಅದೇ ಹಾಡನ್ನು ಮತ್ತೆ ಹಾಡುತ್ತಿದ್ದ. ಚಲನಚಿತ್ರಕ್ಕೆ ಈ ಜಾಗದಲ್ಲಿ ಏನು ಮಾಡಬೇಕೆಂಬುದು ತಿಳಿಯುವುದಿಲ್ಲ. ಕ್ಯಾಮೆರಾ ಹಾಗೆಯೇ ನಿಂತರೆ ಮೌನ ಕಿವಿಗೆ ಚುಚ್ಚುತ್ತದೆ, ತಕ್ಷಣ ಮುಂದಿನ ದೃಶ್ಯಕ್ಕೆ ಹಾರಿದರೆ ಹಾಡು ಮುಗಿದ ತೃಪ್ತಿಯೇ ಸಿಗುವುದಿಲ್ಲ. ರೂಪಾಂತರಗಳನ್ನು ಅಭ್ಯಾಸ ಮಾಡುವಾಗ ಪ್ರತಿ ಹಾಡಿನ ಕೊನೆಯ ಐದು ಸೆಕೆಂಡುಗಳನ್ನು ಮಾತ್ರ ಬಿಡಿಯಾಗಿ ನೋಡುತ್ತ ಹೋಗಿ. ನಿರ್ದೇಶಕನು ರಂಗವನ್ನು ಎಷ್ಟು ಅರ್ಥ ಮಾಡಿಕೊಂಡಿದ್ದಾನೆಂಬುದು ಅಲ್ಲಿ ತಿಳಿಯುತ್ತದೆ. ಶಿಕಾಗೋದಲ್ಲಿ ಈ ತೊಡಕು ಸುಲಭವಾಗಿ ಬಿಡಿಸಿಕೊಂಡಿತು, ಯಾಕೆಂದರೆ ರಾಕ್ಸಿಯ ಕಲ್ಪನೆಯಲ್ಲಿ ಪ್ರೇಕ್ಷಕರೂ ಇದ್ದರು.

ಕಂಠದ ವಿಷಯದಲ್ಲಿ ಹಾಲಿವುಡ್ ನಡೆದುಬಂದ ದಾರಿ ಇನ್ನೂ ಕುತೂಹಲಕರವಾಗಿದೆ. ವೆಸ್ಟ್ ಸೈಡ್ ಸ್ಟೋರಿಯಲ್ಲಿ ನಟಾಲಿ ವುಡ್ ಅವರಿಗೂ ಮೈ ಫೇರ್ ಲೇಡಿಯಲ್ಲಿ ಆಡ್ರಿ ಹೆಪ್‌ಬರ್ನ್ ಅವರಿಗೂ ದನಿ ಕೊಟ್ಟವರು ಮಾರ್ನಿ ನಿಕ್ಸನ್. ಚಿತ್ರಗಳ ಹೆಸರುಪಟ್ಟಿಯಲ್ಲಿ ಅವರ ಹೆಸರು ಇರಲಿಲ್ಲ. ಹಿನ್ನೆಲೆ ಗಾಯಕರನ್ನು ತಾರೆಯರಷ್ಟೇ ಗೌರವದಿಂದ ಕಂಡ ನಮಗೆ ಆ ಗುಟ್ಟು ಅನ್ಯಾಯವಾಗಿಯೇ ತೋರುತ್ತದೆ. ಇಂದಿನ ಪ್ರೇಕ್ಷಕರು ಎರವಲು ದನಿಯನ್ನು ಒಪ್ಪುವುದಿಲ್ಲ. ವಿಕೆಡ್‌ನಲ್ಲಿ ಸಿಂಥಿಯಾ ಎರಿವೊ ಮತ್ತು ಅರಿಯಾನಾ ಗ್ರಾಂಡೆ ಚಿತ್ರೀಕರಣದ ಸ್ಥಳದಲ್ಲಿಯೇ ಹಾಡಿದರು ಎಂಬುದು ಪ್ರಚಾರದ ಒಂದು ಮುಖ್ಯ ಅಂಶವಾಯಿತು. ಮುಂದಿನ ರೂಪಾಂತರಗಳಲ್ಲಿ ಹಾಡಲು ಬಾರದ ತಾರೆಗೆ ಅವಕಾಶ ಕಡಿಮೆಯಾಗುತ್ತ ಹೋಗುತ್ತದೆಂದು ಇದರಿಂದ ಊಹಿಸಬಹುದು.

ಮರೆಮಾಚಿದ ಹಾಡು, ಸುತ್ತುವ ಕಥೆ

ಸಂಗೀತ ಚಿತ್ರಗಳ ಬಗ್ಗೆ 2021ರಲ್ಲಿ ಮೂಡಿದ ನಿರಾಶೆಗೆ ಸಾಂಕ್ರಾಮಿಕದ ಕಾಲವೂ ಕಾರಣವಾಗಿತ್ತು. ಇನ್ ದ ಹೈಟ್ಸ್ ಚಿತ್ರಮಂದಿರದ ಜೊತೆಗೇ ಮನೆಯ ತೆರೆಗೂ ಬಂದು ಎರಡರಲ್ಲೂ ನಿರೀಕ್ಷೆಯ ಮಟ್ಟ ಮುಟ್ಟಲಿಲ್ಲ. ಸ್ಟೀವನ್ ಸ್ಪೀಲ್‌ಬರ್ಗ್ ಅವರ ವೆಸ್ಟ್ ಸೈಡ್ ಸ್ಟೋರಿ ವಿಮರ್ಶಕರ ಮೆಚ್ಚುಗೆ ಪಡೆದು, ಅರಿಯಾನಾ ಡಿಬೋಸ್ ಅವರಿಗೆ ಆಸ್ಕರ್ ತಂದುಕೊಟ್ಟರೂ ಹಾಕಿದ ಬಂಡವಾಳವನ್ನು ಚಿತ್ರಮಂದಿರಗಳಿಂದ ಮರಳಿ ಪಡೆಯಲಾಗಲಿಲ್ಲ. ಇದರ ಪರಿಣಾಮವೋ ಎಂಬಂತೆ 2024ರ ಮೀನ್ ಗರ್ಲ್ಸ್ ಚಿತ್ರದ ಪ್ರಚಾರದಲ್ಲಿ ಪಾತ್ರಗಳು ಹಾಡುತ್ತವೆಂಬ ಸಂಗತಿಯನ್ನೇ ಬಹುಪಾಲು ಮರೆಮಾಚಲಾಯಿತು. ಈ ನಡೆಯನ್ನು ನಾನು ಒಪ್ಪಲಾರೆ. ತನ್ನ ಹಾಡಿನ ಬಗ್ಗೆ ನಾಚಿಕೊಳ್ಳುವ ಚಿತ್ರವು ಹಾಡನ್ನು ಪ್ರೀತಿಸಿ ಬರುವವರನ್ನು ಕಳೆದುಕೊಳ್ಳುತ್ತದೆ, ಹಾಡೇ ಬೇಡವೆನ್ನುವವರನ್ನು ಚಿತ್ರಮಂದಿರದೊಳಗೆ ಕೂರಿಸಿ ಬೇಸರಪಡಿಸುತ್ತದೆ. ಅದೇ ವರ್ಷದ ಕೊನೆಗೆ ಬಂದ ವಿಕೆಡ್ ಮೊದಲ ಭಾಗ ಸುಮಾರು 75 ಕೋಟಿ ಡಾಲರ್ ಗಳಿಸಿತು.

ಮೀನ್ ಗರ್ಲ್ಸ್ ಇನ್ನೊಂದು ಪ್ರವೃತ್ತಿಯನ್ನೂ ತೋರಿಸುತ್ತದೆ. ಅದು 2004ರಲ್ಲಿ ಹಾಡುಗಳಿಲ್ಲದ ಚಿತ್ರವಾಗಿ ಬಂದು, 2018ರಲ್ಲಿ ಬ್ರಾಡ್‌ವೇ ಸಂಗೀತ ನಾಟಕವಾಗಿ, ಮತ್ತೆ ತೆರೆಗೆ ಮರಳಿತು. ಹೇರ್‌ಸ್ಪ್ರೇ, ದ ಪ್ರೊಡ್ಯೂಸರ್ಸ್, ದ ಕಲರ್ ಪರ್ಪಲ್ ಇವೂ ಇದೇ ಸುತ್ತು ಹಾಕಿವೆ. ಹೆಸರು ಮೊದಲೇ ಗೊತ್ತಿರುವುದರಿಂದ ನಿರ್ಮಾಪಕರಿಗೆ ಇದು ಸುರಕ್ಷಿತ ದಾರಿ. ಆದರೆ ರಂಗಕ್ಕೆಂದೇ ಹುಟ್ಟಿದ ಹೊಸ ಕಥೆಗಳು ಕಡಿಮೆಯಾದರೆ ಇಪ್ಪತ್ತು ವರ್ಷಗಳ ನಂತರ ಚಿತ್ರವಾಗಲು ಏನು ಉಳಿದಿರುತ್ತದೆ ಎಂಬ ಆತಂಕ ನನಗಿದೆ.

ಚಿತ್ರೀಕರಿಸಿದ ರಂಗ

ರೂಪಾಂತರವೇ ಬೇಡ, ಆಡಿದ ಆಟವನ್ನೇ ಚೆನ್ನಾಗಿ ಚಿತ್ರೀಕರಿಸಿದರೆ ಸಾಕು ಎಂಬ ವಾದ ಈಗ ಗಟ್ಟಿಯಾಗಿದೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾ 2006ರಿಂದಲೂ ಲಂಡನ್ನಿನ ನ್ಯಾಷನಲ್ ಥಿಯೇಟರ್ 2009ರಿಂದಲೂ ತಮ್ಮ ಪ್ರಯೋಗಗಳನ್ನು ಚಿತ್ರಮಂದಿರಗಳಿಗೆ ನೇರವಾಗಿ ಕಳುಹಿಸುತ್ತಿವೆ. ಹ್ಯಾಮಿಲ್ಟನ್ ನಾಟಕವನ್ನು ಮೂಲ ನಟವರ್ಗದೊಂದಿಗೆ 2016ರ ಜೂನ್‌ನಲ್ಲಿ ಚಿತ್ರೀಕರಿಸಿ, 2020ರ ಜುಲೈ 3ರಂದು ಡಿಸ್ನಿ ಪ್ಲಸ್‌ನಲ್ಲಿ ಬಿಡುಗಡೆ ಮಾಡಿದಾಗ ಬ್ರಾಡ್‌ವೇಗೆ ಎಂದೂ ಹೋಗಲಾಗದ ಲಕ್ಷಾಂತರ ಜನ ಅದನ್ನು ನೋಡಿದರು. ಇಲ್ಲಿ ಪಾತ್ರ ಯಾಕೆ ಹಾಡುತ್ತದೆ ಎಂಬ ಪ್ರಶ್ನೆ ಏಳುವುದೇ ಇಲ್ಲ, ಯಾಕೆಂದರೆ ರಂಗ ರಂಗವಾಗಿಯೇ ಕಾಣುತ್ತದೆ ಮತ್ತು ಚಪ್ಪಾಳೆ ಕೇಳಿಸುತ್ತದೆ. ಬೆಂಗಳೂರಿನಲ್ಲೋ ಧಾರವಾಡದಲ್ಲೋ ಕುಳಿತು ಈ ಪ್ರಕಾರವನ್ನು ಅಭ್ಯಾಸ ಮಾಡುವ ನಮ್ಮಂಥವರಿಗೆ ಇದು ದೊಡ್ಡ ಉಪಕಾರ. ಆದರೂ ಕ್ಯಾಬರೆಯ ಬಿಯರ್ ತೋಟದಂಥ ದೃಶ್ಯ ಈ ಬಗೆಯ ದಾಖಲೆಯಿಂದ ಎಂದೂ ಬರಲಾರದು.

ಈ ಎರಡೂ ದಾರಿಗಳು ಒಂದೇ ಕೃತಿಯಲ್ಲಿ ಕೂಡುವ ಅಪರೂಪದ ಉದಾಹರಣೆ ಸ್ಟೀಫನ್ ಸಾಂಡ್‌ಹೈಮ್ ಸಂಗೀತ ನೀಡಿದ ಮೆರಿಲಿ ವಿ ರೋಲ್ ಅಲಾಂಗ್. 1981ರಲ್ಲಿ ಬ್ರಾಡ್‌ವೇಯಲ್ಲಿ ಆರಂಭವಾದ ಅದು ಹದಿನಾರು ಪ್ರಯೋಗಗಳಿಗೇ ನಿಂತುಹೋಯಿತು. 2023ರಲ್ಲಿ ಮರಳಿ ಬಂದ ಪ್ರಯೋಗ ಗೆದ್ದಿತು, ಮತ್ತು ಅದನ್ನು ರಂಗದ ಮೇಲೆಯೇ ಚಿತ್ರೀಕರಿಸಿ 2025ರ ಡಿಸೆಂಬರ್‌ನಲ್ಲಿ ಚಿತ್ರಮಂದಿರಗಳಿಗೆ ತರಲಾಯಿತು. ಇತ್ತ ನಿರ್ದೇಶಕ ರಿಚರ್ಡ್ ಲಿಂಕ್ಲೇಟರ್ ಅದೇ ನಾಟಕವನ್ನು 2019ರಿಂದ ಸುಮಾರು ಇಪ್ಪತ್ತು ವರ್ಷಗಳ ಅವಧಿಯಲ್ಲಿ ಚಲನಚಿತ್ರವಾಗಿ ಮಾಡುವ ಯೋಜನೆ ಹಾಕಿಕೊಂಡಿದ್ದಾರೆ. ಮೂವರು ಗೆಳೆಯರ ಈ ಕಥೆ ನಡುವಯಸ್ಸಿನಿಂದ ತಾರುಣ್ಯಕ್ಕೆ ಹಿಮ್ಮುಖವಾಗಿ ಸಾಗುತ್ತದೆ. ರಂಗದ ಮೇಲೆ ಒಂದೇ ಸಂಜೆಯಲ್ಲಿ ನಟರು ಬಣ್ಣ ಮತ್ತು ನಡೆಯಿಂದ ಕಿರಿಯರಾಗುತ್ತ ಹೋಗಬೇಕು. ಚಿತ್ರದಲ್ಲಿ ಪಾಲ್ ಮೆಸ್ಕಲ್ ಮತ್ತು ಜೊತೆಯ ನಟರು ನಿಜವಾಗಿ ವಯಸ್ಸಾಗುವುದನ್ನೇ ಕ್ಯಾಮೆರಾ ಕಾಯುತ್ತದೆ. ತೆರೆಯ ಮೇಲೆ ಕೊನೆಗೆ ಬರುವ ಎಳೆಯ ಮುಖಗಳು ಮೊದಲು ಚಿತ್ರೀಕರಣವಾಗುತ್ತವೆ, ಮೊದಲ ದೃಶ್ಯಕ್ಕೆ ಬೇಕಾದ ಮುಖಗಳು ಇನ್ನೂ ಆ ನಟರಿಗೆ ಬಂದಿಲ್ಲ. ಸಾಂಡ್‌ಹೈಮ್ 2021ರ ನವೆಂಬರ್‌ನಲ್ಲಿ ತೀರಿಕೊಂಡರು. ಇಂದು ಈ ವಿಷಯವನ್ನು ಓದುತ್ತಿರುವ ವಿದ್ಯಾರ್ಥಿಗಳು ಆ ಚಿತ್ರವನ್ನು ನೋಡುವ ಹೊತ್ತಿಗೆ ಅದರ ನಟರಂತೆಯೇ ನಡುವಯಸ್ಸಿನವರಾಗಿರುತ್ತಾರೆ.