ರೆಸಲ್ಯೂಷನ್: ಬರೀ ದೊಡ್ಡದಾಗಿ ಕಂಡರೆ ಸಾಲದು

'ಠ' ಅಕ್ಷರವನ್ನು ತೀರಾ ಸಣ್ಣದಾಗಿ ಬರೆದು ದೂರದಿಂದ ನೋಡಿ. ಒಳಗಿನ ಚುಕ್ಕಿ ಸುತ್ತಲಿನ ಗೆರೆಗೆ ಅಂಟಿಕೊಂಡಂತೆ ಕಾಣುತ್ತದೆ. ಅದು 'ಠ'ವೋ 'ರ'ವೋ ಹೇಳುವುದು ಕಷ್ಟ. ಹಾಗೆ ಮಸುಕಾಗಿ ಬಂದ ಫೋಟೊವನ್ನು ಗೋಡೆಯಷ್ಟು ದೊಡ್ಡದು ಮಾಡಿದರೂ ಚುಕ್ಕಿ ಬಿಡಿಸಿಕೊಂಡು ಬರುವುದಿಲ್ಲ. ಗೋಡೆಯಷ್ಟು ದೊಡ್ಡ ಮಸುಕು ಸಿಗುತ್ತದೆ, ಅಷ್ಟೇ.

ಚುಕ್ಕಿ ಬೇರೆ, ಗೆರೆ ಬೇರೆ ಎಂದು ಬಿಡಿಸಿ ತೋರಿಸುವ ಶಕ್ತಿಯೇ ರೆಸಲ್ಯೂಷನ್. ಇದ್ದದ್ದನ್ನು ಹಿಗ್ಗಿಸಿ ತೋರಿಸುವುದು ವರ್ಧನೆ. ಎರಡೂ ಒಂದೇ ಅಂದುಕೊಳ್ಳುವವರೇ ಜಾಸ್ತಿ. ನಾನೂ ಹಾಗೆಯೇ ಮೋಸಹೋದೆ. ಮೊದಲು ಕೊಂಡ ಮೈಕ್ರೋಸ್ಕೋಪಿನ ಡಬ್ಬಿಯ ಮೇಲೆ '1200 ಪಟ್ಟು' ಎಂದು ದಪ್ಪಕ್ಷರದಲ್ಲಿತ್ತು. ಈರುಳ್ಳಿ ಪೊರೆ ಇಟ್ಟು ನೋಡಿದರೆ ಮಂಜು ಕವಿದ ಕಿಟಕಿಯಂತೆ ಕಂಡಿತು. ಅದೇ ಪೊರೆ ನೂರು ಪಟ್ಟಿನಲ್ಲಿ ಎಷ್ಟು ಚೆಂದ ಕಾಣುತ್ತಿತ್ತು!

ನಮ್ಮ ಬರಿಗಣ್ಣಿಗೂ ಒಂದು ಮಿತಿ ಇದೆ. ಓದುವಷ್ಟು ದೂರದಲ್ಲಿ ಎರಡು ಚುಕ್ಕಿಗಳ ನಡುವೆ ಸುಮಾರು 0.1 ಮಿಲಿಮೀಟರ್ ಅಂತರ ಇದ್ದರೆ ಮಾತ್ರ ಅವು ಎರಡಾಗಿ ಕಾಣುತ್ತವೆ. ಇದು 100 ಮೈಕ್ರಾನ್. ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು ಒಂದು ಮೈಕ್ರಾನ್. ಕೆಂಪು ರಕ್ತಕಣದ ಅಗಲ 7–8 ಮೈಕ್ರಾನ್. ಬ್ಯಾಕ್ಟೀರಿಯಾಗಳಲ್ಲಿ ಬಹಳಷ್ಟು ಒಂದೆರಡು ಮೈಕ್ರಾನ್ ಇರುತ್ತವೆ.

ಹಾಗಾದರೆ ಮಸೂರವನ್ನು ಇನ್ನೂ ಚೆನ್ನಾಗಿ ಉಜ್ಜಿ ಮಾಡಿದರೆ ಎಷ್ಟು ಸಣ್ಣದನ್ನಾದರೂ ಬಿಡಿಸಿ ನೋಡಬಹುದಲ್ವಾ? ಆಗದು ಎಂದು 1873ರಲ್ಲಿ ತೋರಿಸಿದವರು ಜರ್ಮನಿಯ ಅರ್ನ್ಸ್ಟ್ ಅಬ್ಬೆ. ಬೆಳಕು ಅಲೆ. ಆ ಅಲೆಯ ಉದ್ದದ ಅರ್ಧಕ್ಕಿಂತ ತೀರಾ ಸಣ್ಣದಾದ ವಿವರ ಅದಕ್ಕೆ ಸಿಕ್ಕುವುದಿಲ್ಲ. ಇದರ ಜೊತೆಗೆ ಮಸೂರ ಎಷ್ಟು ಓರೆಯಿಂದ ಬರುವ ಬೆಳಕನ್ನು ಹಿಡಿಯಬಲ್ಲದು ಎಂಬುದೂ ಮುಖ್ಯ. ಅದನ್ನು ಅಳೆಯುವ ಸಂಖ್ಯೆಯೇ ಎನ್‌ಎ (ನ್ಯೂಮರಿಕಲ್ ಅಪರ್ಚರ್). ಒಳ್ಳೆಯ ಮಸೂರದ ಮೈಮೇಲೆ '40/0.65' ಎಂದು ಕೆತ್ತಿರುತ್ತಾರೆ. ಎಲ್ಲರ ಕಣ್ಣೂ ಎಷ್ಟು ಪಟ್ಟು ಎಂದು ಹೇಳುವ 40ರ ಮೇಲೆ ಬೀಳುತ್ತದೆ. ನಿಜವಾದ ಸುದ್ದಿ ಇರುವುದು ಎನ್‌ಎ ಹೇಳುವ 0.65ರಲ್ಲಿ.

ಲೆಕ್ಕ ಸುಲಭ. ಅಲೆಯ ಉದ್ದವನ್ನು ಎನ್‌ಎಯ ಎರಡರಷ್ಟರಿಂದ ಭಾಗಿಸಿ. ಹಸಿರು ಬೆಳಕಿಗೆ 0.55 ಮೈಕ್ರಾನ್ ಎಂದಿಟ್ಟುಕೊಂಡರೆ, ಈ ಮಸೂರದ ಮಿತಿ ಸುಮಾರು 0.42 ಮೈಕ್ರಾನ್. ಬ್ಯಾಕ್ಟೀರಿಯಾ ಕಡ್ಡಿಯಾಗಿಯೋ ಚುಕ್ಕಿಯಾಗಿಯೋ ಕಂಡೀತು. ಅದರ ಹೊಟ್ಟೆಯೊಳಗೆ ಏನಿದೆ ಎಂಬುದು ಕಾಣದು. 100 ಪಟ್ಟಿನ, 1.25 ಎನ್‌ಎಯ ಮಸೂರದಲ್ಲಿ ಮಿತಿ 0.22 ಮೈಕ್ರಾನಿಗೆ ಇಳಿಯುತ್ತದೆ. ಆದರೆ ಅದಕ್ಕೆ ಸ್ಲೈಡಿಗೂ (ನೋಡುವ ವಸ್ತುವನ್ನಿಡುವ ಗಾಜಿನ ಪಟ್ಟಿ) ಮಸೂರಕ್ಕೂ ನಡುವೆ ಒಂದು ಹನಿ ಎಣ್ಣೆ ಬೇಕು. ಗಾಜಿನಿಂದ ಗಾಳಿಗೆ ಬರುವಾಗ ಓರೆ ಬೆಳಕು ಇನ್ನಷ್ಟು ಬಾಗಿ ಮಸೂರದ ಬಾಯಿ ತಪ್ಪಿಸಿಕೊಳ್ಳುತ್ತದೆ. ಈ ವಿಶೇಷ ಎಣ್ಣೆ ಬೆಳಕನ್ನು ಬಾಗಿಸುವ ಮಟ್ಟಿಗೆ ಗಾಜಿನಂತೆಯೇ ಇರುವುದರಿಂದ ಆ ಓರೆ ಬೆಳಕು ನೇರವಾಗಿ ಮಸೂರದೊಳಗೆ ಹೋಗುತ್ತದೆ.

ಎನ್‌ಎಯನ್ನು ಸಾವಿರದಿಂದ ಗುಣಿಸಿದರೆ ಬರುವ ಸಂಖ್ಯೆಗಿಂತ ಒಟ್ಟಾರೆ (ಕಣ್ಣಿನ ಬಳಿಯ ಮಸೂರವೂ ಸೇರಿ) ಹೆಚ್ಚು ಹಿಗ್ಗಿಸುವುದು ಸುಮ್ನೆ ದಂಡ. 0.65ಕ್ಕೆ 650 ಪಟ್ಟು ಸಾಕು. ನನ್ನ ಡಬ್ಬಿಯ 1200ರ ಕಥೆ ಈಗ ಗೊತ್ತಾಯಿತಲ್ಲ.

ಇನ್ನೊಂದು ವಿಷಯ ಬಳಸುವವರ ಕೈಯಲ್ಲೇ ಇದೆ. ಸ್ಲೈಡಿನ ಕೆಳಗೆ ಬೆಳಕಿನ ದಾರಿಯನ್ನು ಕಿರಿದು ಮಾಡುವ ಒಂದು ಕಿಂಡಿ ಇರುತ್ತದೆ. ಜೀವಕೋಶಗಳು ಹೆಚ್ಚುಕಡಿಮೆ ನೀರಿನಷ್ಟೇ ಪಾರದರ್ಶಕ. ಹಾಗಾಗಿ ಕಿಂಡಿಯನ್ನು ಮುಚ್ಚುತ್ತಾ ಬಂದರೆ ಅಂಚುಗಳು ಕಪ್ಪಾಗಿ ಎದ್ದು ಕಾಣುತ್ತವೆ. ಹೊಸಬರಿಗೆ ಖುಷಿಯಾಗುತ್ತದೆ. ಆದರೆ ಓರೆ ಬೆಳಕು ಕಡಿಮೆಯಾದಷ್ಟೂ ರೆಸಲ್ಯೂಷನ್ ಕುಸಿಯುತ್ತದೆ. ಪೂರ್ತಿ ತೆರೆದರೆ ಕೋಶವೇ ಬೆಳಕಿನಲ್ಲಿ ಕರಗಿಹೋಗುತ್ತದೆ! ನಡುವೆ ಎಲ್ಲೋ ನಿಲ್ಲಿಸಬೇಕು. ಇಲ್ಲವೇ ಬಣ್ಣ ಹಾಕಬೇಕು: ಈರುಳ್ಳಿ ಪೊರೆಗೆ ಅಯೋಡಿನ್, ಕೆನ್ನೆಯ ಒಳಗಿನ ಕೋಶಕ್ಕೆ ಮಿಥಿಲೀನ್ ಬ್ಲೂ.

ಕೆನ್ನೆಯ ಒಳಭಾಗವನ್ನು ಕಿವಿಗೆ ಹಾಕುವ ಹತ್ತಿಕಡ್ಡಿಯಿಂದ ಮೆಲ್ಲಗೆ ಸವರಿ ಸ್ಲೈಡಿಗೆ ಹಚ್ಚಿ, ಮಿಥಿಲೀನ್ ಬ್ಲೂ ಹಾಕಿ ನೋಡಿ. ನೀಲಿ ಕೋಶದ ನಡುವೆ ಗಾಢ ನೀಲಿಯ ಕೋಶಕೇಂದ್ರ ಕಾಣುತ್ತದೆ. ಕೋಶದ ಮೇಲೆ ಅಲ್ಲಲ್ಲಿ ಪುಟ್ಟ ಚುಕ್ಕಿಗಳೂ ಇರಬಹುದು. ಅವು ನಿಮ್ಮ ಬಾಯಲ್ಲೇ ಬದುಕುವ ಬ್ಯಾಕ್ಟೀರಿಯಾ. ಎರಡು ಒತ್ತಾಗಿ ಕುಳಿತಲ್ಲಿ ಕಿಂಡಿಯನ್ನು ತುಸು ತೆರೆದು, ತುಸು ಮುಚ್ಚಿ ನೋಡಿ: ಯಾವಾಗ ಎರಡು, ಯಾವಾಗ ಒಂದು?